ಗೊಟ್‌ಲಾಂಡಿನ ಬ್ಯಾರಿಟೋನ್: ಲಾರ್ಸ್ ಗುಲ್ಲೀನ್ ಕುರಿತು

(ಸಂಗೀತ ಕೇಳುವ ಗೆಳೆಯರ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ನಡುನಡುವೆ ಕೇಳಿಸಿದ ಧ್ವನಿಮುದ್ರಣಗಳನ್ನು ಆಯಾ ಜಾಗದಲ್ಲೇ ಹೆಸರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲೇ ಒಂದು ರಚನೆಯನ್ನು ಕೇಳಿಸಿದೆ. ನುಡಿಸಿದವರ ಹೆಸರನ್ನು ಬೇಕೆಂದೇ ಹೇಳಲಿಲ್ಲ. ಮುಗಿದ ಮೇಲೆ ‘ಇದು ಯಾವ ವಾದ್ಯ?’ ಎಂದು ಕೇಳಿದಾಗ ಮುಂದಿನ ಸಾಲಿನಿಂದ ಮೂರು ಉತ್ತರಗಳು ಬಂದವು. ಒಬ್ಬರು ಕ್ಲಾರಿಯೋನೆಟ್ ಎಂದರು, ಒಬ್ಬರು ಟ್ರಾಂಬೋನ್ ಎಂದರು, ಹಿಂದಿನಿಂದ ಯಾರೋ ‘ಚೆಲ್ಲೋ ಇರಬಹುದೇ?’ ಎಂದು ಅನುಮಾನಿಸಿದರು. ನಾಚಿಕೆಪಡಬೇಕಾಗಿಲ್ಲ. ಮೊದಲ ಸಲ ಕೇಳಿದಾಗ ನಾನೂ ಟ್ರಾಂಬೋನ್ ಎಂದೇ ನಂಬಿದ್ದೆ. ಅದು ಬ್ಯಾರಿಟೋನ್ ಸ್ಯಾಕ್ಸೊಫೋನ್. ರಚನೆಯ ಹೆಸರು ‘ಡ್ಯಾನೀಸ್ ಡ್ರೀಮ್’, ಧ್ವನಿಮುದ್ರಣವಾದದ್ದು 1955ರಲ್ಲಿ. ನುಡಿಸಿದವನೂ ಬರೆದವನೂ ಒಬ್ಬನೇ, ಸ್ವೀಡನ್ನಿನ ಲಾರ್ಸ್ ಗುಲ್ಲೀನ್.

ಸ್ಯಾಕ್ಸೊಫೋನ್ ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಕದ್ರಿ ಗೋಪಾಲನಾಥರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯದ ದನಿ ಕೇಳಿ ಮರುಳಾಗಿ, ನಾಗಸ್ವರದ ಮನೆತನದಿಂದ ಬಂದ ಅವರು ಅದರಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ಬರಿಸಿದ ಕಥೆ ನಿಮಗೆಲ್ಲ ಗೊತ್ತು. ಅವರ ಕೈಯಲ್ಲಿದ್ದದ್ದು ಆಲ್ಟೊ. ಎದೆಯ ಮೇಲೆ ಕೂಸಿನಂತೆ ಒರಗುವ ವಾದ್ಯ. ಬ್ಯಾರಿಟೋನ್ ಅದರ ದೊಡ್ಡಣ್ಣ. ಬೆರಳುಗಳ ಲೆಕ್ಕಾಚಾರ ಎರಡಕ್ಕೂ ಒಂದೇ, ಆದರೆ ದನಿ ಒಂದು ಸ್ಥಾಯಿ ಕೆಳಗೆ. ಕೊಳವೆ ಎಷ್ಟು ಉದ್ದವೆಂದರೆ, ನೇರವಾಗಿ ಬಿಟ್ಟರೆ ನುಡಿಸುವವನಿಗಿಂತ ಎತ್ತರವಾದೀತೆಂದು ಮೇಲ್ತುದಿಯಲ್ಲಿ ಅದನ್ನು ಸುರುಳಿ ಸುತ್ತಿಸಿದ್ದಾರೆ. ತೂಕ ಐದಾರು ಕಿಲೊ. ಕುತ್ತಿಗೆಗೆ ಪಟ್ಟಿ ಹಾಕಿ ಎರಡು ಗಂಟೆ ನಿಂತು ನುಡಿಸಿದವರನ್ನು ಮಾರನೆಯ ದಿನ ಮಾತನಾಡಿಸಿ ನೋಡಿ, ಮೊದಲು ಬೆನ್ನಿನ ಸಮಾಚಾರ ಬರುತ್ತದೆ.

ದೊಡ್ಡ ಜಾಝ್ ಬ್ಯಾಂಡಿನಲ್ಲಿ ಸಾಮಾನ್ಯವಾಗಿ ಐದು ಸ್ಯಾಕ್ಸೊಫೋನ್‌ಗಳು: ಎರಡು ಆಲ್ಟೊ, ಎರಡು ಟೆನರ್, ಕೊನೆಯ ಕುರ್ಚಿಯಲ್ಲಿ ಒಂದು ಬ್ಯಾರಿಟೋನ್. ಅದರ ಕೆಲಸ ಅಡಿಪಾಯ ಹಾಕುವುದು. ಅಡಿಪಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ಡ್ಯೂಕ್ ಎಲಿಂಗ್ಟನ್ನನ ವಾದ್ಯವೃಂದದಲ್ಲಿ ಹ್ಯಾರಿ ಕಾರ್ನಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಆ ಕುರ್ಚಿಯಲ್ಲಿ ಕುಳಿತು, ಅದಕ್ಕೆ ಗಂಭೀರವಾದ ಘನತೆ ತಂದುಕೊಟ್ಟ. ಆದರೂ ಈ ವಾದ್ಯವನ್ನು ಮುಂದೆ ನಿಲ್ಲಿಸಿ, ಪಿಸುಮಾತಿನಲ್ಲಿ ಕಥೆ ಹೇಳಿಸಬಹುದು ಎಂದು ಯೋಚಿಸಿದವರು ಕಡಿಮೆ. ಹಾಗೆ ಯೋಚಿಸಿದವರಲ್ಲಿ ಇಬ್ಬರು ಒಂದೇ ಕಾಲದವರು. ಒಬ್ಬ ಅಮೆರಿಕದ ಜೆರ್ರಿ ಮಲಿಗನ್, ಇನ್ನೊಬ್ಬ ನಮ್ಮ ಗುಲ್ಲೀನ್.

ಗುಲ್ಲೀನ್ ಹುಟ್ಟಿದ್ದು 1928ರ ಮೇ 4ರಂದು, ಬಾಲ್ಟಿಕ್ ಸಮುದ್ರದ ನಡುವಿನ ಗೊಟ್‌ಲಾಂಡ್ ದ್ವೀಪದ ಸಾಂಡಾ ಎಂಬ ಹಳ್ಳಿಯಲ್ಲಿ. ಸುಣ್ಣಕಲ್ಲಿನ ನೆಲ, ಕುರಿಗಳು, ಗಾಳಿ. ದ್ವೀಪದ ಏಕೈಕ ಪಟ್ಟಣ ಎನ್ನಬಹುದಾದ ವಿಸ್ಬಿಯ ಸುತ್ತ ಮಧ್ಯಯುಗದ ಕೋಟೆಗೋಡೆ ಇಂದಿಗೂ ನಿಂತಿದೆ. ಮಗುವಾಗಿದ್ದಾಗಲೇ ಅವನು ಅಕಾರ್ಡಿಯನ್ ನುಡಿಸಿ ಊರವರನ್ನು ಬೆರಗುಗೊಳಿಸಿದ್ದ. ಹದಿಮೂರರ ಹೊತ್ತಿಗೆ ಸೇನಾ ಬ್ಯಾಂಡಿಗೆ ಸೇರಿ ಕ್ಲಾರಿಯೋನೆಟ್ ಹಿಡಿದ. ಆಮೇಲೆ ಆಲ್ಟೊ ಸ್ಯಾಕ್ಸೊಫೋನ್ ಕಲಿತ. 1947ರಲ್ಲಿ ಸ್ಟಾಕ್‌ಹೋಮಿಗೆ ಬಂದಾಗ ಅವನ ಆಸೆ ಇದ್ದದ್ದು ಪಿಯಾನೊ ಮೇಲೆ. ಶಾಸ್ತ್ರೀಯ ಪಿಯಾನೊ ವಾದಕನಾಗಬೇಕೆಂದು ಸ್ವೆನ್ ಬ್ರಾಂಡೆಲ್ ಎಂಬ ಗುರುವಿನ ಬಳಿ ಪಾಠಕ್ಕೂ ಹೋಗುತ್ತಿದ್ದ. ಈ ಪಿಯಾನೊ ಪಾಠವನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಬ್ಯಾರಿಟೋನ್ ಅವನ ಆಯ್ಕೆ ಆಗಿರಲಿಲ್ಲ. 1949ರಲ್ಲಿ ಸೀಮೂರ್ ಓಸ್ಟರ್‌ವಾಲ್‌ನ ಬ್ಯಾಂಡಿನಲ್ಲಿ ಆ ಕುರ್ಚಿ ಖಾಲಿಯಾಗಿತ್ತು, ಇವನು ಕುಳಿತ. ಹೊಟ್ಟೆಪಾಡು. ಅದೇ ಹೊತ್ತಿಗೆ ಮೈಲ್ಸ್ ಡೇವಿಸ್‌ನ ಒಂಬತ್ತು ಮಂದಿಯ ತಂಡ ನ್ಯೂಯಾರ್ಕಿನಲ್ಲಿ ಮುದ್ರಿಸಿದ ಗ್ರಾಮಫೋನ್ ತಟ್ಟೆಗಳು ಅಟ್ಲಾಂಟಿಕ್ ದಾಟಿ ಬಂದವು. ಅದರಲ್ಲಿ ಬ್ಯಾರಿಟೋನ್ ನುಡಿಸಿದವನು ಮಲಿಗನ್. ಈ ವಾದ್ಯ ಗುಡುಗಲೇಬೇಕೆಂದಿಲ್ಲ, ಮಾತನಾಡಬಲ್ಲದು ಎಂಬುದು ಗುಲ್ಲೀನ್‌ನ ಕಿವಿಗೆ ಬಿದ್ದದ್ದು ಆಗ. ಆಲ್ಟೊ ಮತ್ತು ಪಿಯಾನೊ ಎರಡೂ ಹಿಂದೆ ಸರಿದವು.

ಆ ಕಾಲದ ಸ್ಟಾಕ್‌ಹೋಮಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಎರಡನೆಯ ಮಹಾಯುದ್ಧದಲ್ಲಿ ಸ್ವೀಡನ್ ತಟಸ್ಥವಾಗಿತ್ತು. ಸುತ್ತಲಿನ ದೇಶಗಳು ಸುಟ್ಟುಹೋಗುತ್ತಿದ್ದಾಗ ಇಲ್ಲಿನ ನೃತ್ಯಶಾಲೆಗಳಲ್ಲಿ ದೀಪ ಉರಿಯುತ್ತಿತ್ತು, ವಾದಕರಿಗೆ ಸಂಬಳ ಬರುತ್ತಿತ್ತು. ಆ ಶಾಲೆಗಳಲ್ಲೆಲ್ಲ ಹೆಸರಾದದ್ದು ರೆಗೆರಿಂಗ್ಸ್‌ಗಾಟನ್ ಬೀದಿಯ ‘ನಾಲೆನ್’. ಅದನ್ನು ನಡೆಸುತ್ತಿದ್ದವನು ‘ಟಾಪ್ಸಿ’ ಎಂದೇ ಎಲ್ಲರೂ ಕರೆಯುತ್ತಿದ್ದ ಗುಸ್ತಾಫ್ ಲಿಂಡ್‌ಬ್ಲೋಮ್. ಈತ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಟ್ರಿಪಲ್ ಜಂಪ್‌ನಲ್ಲಿ ಚಿನ್ನ ಗೆದ್ದವನು! ಮೂರು ನೆಗೆತಕ್ಕೆ ಚಿನ್ನ ಗೆದ್ದವನು ಒಂದು ದೇಶದ ಜಾಝ್‌ಗೆ ಚಾವಣಿ ಒದಗಿಸಿದ. 1951ರಿಂದ ಎರಡು ವರ್ಷ ಗುಲ್ಲೀನ್ ಇಲ್ಲಿ ಆರ್ನೆ ಡೊಮ್ನೇರುಸ್‌ನ ತಂಡದಲ್ಲಿ ದಿನಗೂಲಿಯವನ ಶ್ರದ್ಧೆಯಿಂದ ನುಡಿಸಿದ. ಕೆಳಗೆ ಜೋಡಿಗಳು ಕುಣಿಯುತ್ತಿದ್ದವು. ಜಾಝ್ ಇನ್ನೂ ಕೈಕಟ್ಟಿ ಕುಳಿತು ಕೇಳುವ ಸಂಗೀತವಾಗಿರಲಿಲ್ಲ.

ಅಮೆರಿಕದ ಅತಿಥಿಗಳಿಗೂ ಬರವಿರಲಿಲ್ಲ. 1950ರ ನವೆಂಬರಿನಲ್ಲಿ ಚಾರ್ಲಿ ಪಾರ್ಕರ್ ಬಂದು ಒಂದು ವಾರ ಸ್ವೀಡನ್ ಸುತ್ತಿದ. ಜೂಟ್ ಸಿಮ್ಸ್ ಬಂದ, ಸ್ಟಾನ್ ಗೆಟ್ಸ್ ಬಂದ, 1951ರಲ್ಲಿ ಆಲ್ಟೊ ವಾದಕ ಲೀ ಕಾನಿಟ್ಸ್ ಬಂದ. ಕಾನಿಟ್ಸ್‌ನ ಪ್ರಭಾವ ಗುಲ್ಲೀನ್ ಮೇಲೆ ಮಲಿಗನ್‌ಗಿಂತ ಆಳವಾದದ್ದು ಎಂದು ನನ್ನ ಅನಿಸಿಕೆ. ಮಲಿಗನ್ ತುಂಡು ತುಂಡು ವಾಕ್ಯಗಳಲ್ಲಿ ನಗೆಚಾಟಿಕೆ ಮಾಡುತ್ತಾನೆ. ಗುಲ್ಲೀನ್ ಕಾನಿಟ್ಸ್‌ನಂತೆ ಉದ್ದನೆಯ ವಾಕ್ಯದವನು. ಪೂರ್ಣವಿರಾಮ ಬರುವ ಜಾಗದಲ್ಲಿ ಅಲ್ಪವಿರಾಮ ಹಾಕಿ ಮುಂದೆ ಹೋಗುತ್ತಾನೆ, ಉಸಿರು ಎಲ್ಲಿ ಎಳೆದುಕೊಂಡ ಎಂಬುದೇ ತಿಳಿಯುವುದಿಲ್ಲ. ಅದೂ ಇಷ್ಟು ಗಾಳಿ ನುಂಗುವ ವಾದ್ಯದಲ್ಲಿ.

ನಾನು ಅವನನ್ನು ಕಂಡುಕೊಂಡದ್ದು ಅಡ್ಡದಾರಿಯಿಂದ. ಹುಡುಕುತ್ತಿದ್ದದ್ದು ತುತ್ತೂರಿಯ ಕ್ಲಿಫರ್ಡ್ ಬ್ರೌನ್‌ನನ್ನು. ಆ ಕಥೆ ಸ್ವಾರಸ್ಯವಾಗಿದೆ, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. 1953ರ ಶರತ್ಕಾಲದಲ್ಲಿ ಲಯನೆಲ್ ಹ್ಯಾಂಪ್ಟನ್‌ನ ದೊಡ್ಡ ಬ್ಯಾಂಡ್ ಯುರೋಪ್ ಪ್ರವಾಸಕ್ಕೆ ಬಂದಿತ್ತು. ಅದರ ತುತ್ತೂರಿ ಸಾಲಿನಲ್ಲಿ ಇದ್ದವರು ಇಪ್ಪತ್ತೆರಡರ ಬ್ರೌನ್, ಆರ್ಟ್ ಫಾರ್ಮರ್, ಮತ್ತು ಇಪ್ಪತ್ತು ವರ್ಷದ ಕ್ವಿನ್ಸಿ ಜೋನ್ಸ್. ಹೌದು, ಮುಂದೆ ಮೈಕಲ್ ಜಾಕ್ಸನ್‌ನ ತಟ್ಟೆಗಳನ್ನು ರೂಪಿಸಿದ ಅದೇ ಕ್ವಿನ್ಸಿ ಜೋನ್ಸ್. ಪ್ರವಾಸದಲ್ಲಿ ಬೇರೆಯವರ ಜೊತೆ ಯಾರೂ ಧ್ವನಿಮುದ್ರಣ ಮಾಡಕೂಡದು ಎಂಬುದು ಹ್ಯಾಂಪ್ಟನ್‌ನ ಕಟ್ಟಪ್ಪಣೆ. ಹುಡುಗರು ಕೇಳುತ್ತಾರೆಯೇ? ಊರೂರಿನಲ್ಲೂ ಕಣ್ತಪ್ಪಿಸಿ ಹೋಟೆಲಿನಿಂದ ಜಾರಿಕೊಂಡು ಸ್ಟುಡಿಯೊ ಸೇರಿದರು.

ಸ್ಟಾಕ್‌ಹೋಮಿನಲ್ಲಿ ಅದು ನಡೆದದ್ದು ಸೆಪ್ಟೆಂಬರ್ 15ರಂದು, ಮೆಟ್ರೊನೋಮ್ ಎಂಬ ಸ್ವೀಡಿಷ್ ಕಂಪನಿಗಾಗಿ. ಜೋನ್ಸ್ ರಚನೆಗಳನ್ನು ಹೊಂದಿಸಿಕೊಟ್ಟ. ‘ಸ್ಟಾಕ್‌ಹೋಮ್ ಸ್ವೀಟ್ನಿನ್’ ಎಂಬ ಅವನದೇ ರಚನೆ ಅದರಲ್ಲಿ ಒಂದು. ಎರಡು ತುತ್ತೂರಿ ಅಮೆರಿಕದವರದು. ಉಳಿದವರು ಸ್ಥಳೀಯರು: ಟ್ರಾಂಬೋನಿಗೆ ಓಕೆ ಪೆರ್ಸನ್, ಆಲ್ಟೊಗೆ ಡೊಮ್ನೇರುಸ್, ಪಿಯಾನೊಗೆ ಬೆಂಗ್ಟ್ ಹಾಲ್‌ಬೆರ್ಗ್, ಬ್ಯಾರಿಟೋನಿಗೆ ಗುಲ್ಲೀನ್. ಬ್ರೌನ್‌ಗಾಗಿ ಕೇಳುತ್ತ ಕುಳಿತಿದ್ದ ನನಗೆ, ತುತ್ತೂರಿಗಳ ಹೊಳಪಿನ ಕೆಳಗೆ ಏನೋ ಒಂದು ಮೆತ್ತಗೆ ಸರಿದಾಡಿದಂತಾಯಿತು. ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಮೂರನೆಯ ಸಲ ಬ್ರೌನ್‌ನನ್ನು ಮರೆತೇಬಿಟ್ಟಿದ್ದೆ. ಇದನ್ನು ಬ್ರೌನ್ ಅಭಿಮಾನಿಗಳ ಮುಂದೆ ಹೇಳುವ ಧೈರ್ಯ ನನಗಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

(ಇಲ್ಲಿ ‘ಸ್ಟಾಕ್‌ಹೋಮ್ ಸ್ವೀಟ್ನಿನ್’ ಕೇಳಿಸಿದೆ.)

ಮರುವರ್ಷ, 1954ರಲ್ಲಿ, ಅಮೆರಿಕದ ‘ಡೌನ್ ಬೀಟ್’ ಪತ್ರಿಕೆ ವಿಮರ್ಶಕರ ಮತ ಸಂಗ್ರಹಿಸಿ ಆಯಾ ವಾದ್ಯದ ಹೊಸ ತಾರೆಯನ್ನು ಆರಿಸಿದಾಗ, ಬ್ಯಾರಿಟೋನ್ ವಿಭಾಗದಲ್ಲಿ ಬಂದ ಹೆಸರು ಗುಲ್ಲೀನ್‌ನದು. ಅಮೆರಿಕದ ನೆಲಕ್ಕೆ ಕಾಲಿಡದೆ ಗಳಿಸಿದ ಗೌರವ ಅದು. ಯುರೋಪಿನ ವಾದಕರೆಂದರೆ ಒಳ್ಳೆಯ ಶಿಷ್ಯರು ಎಂಬಷ್ಟಕ್ಕೆ ಅಮೆರಿಕದ ವಿಮರ್ಶಕರು ನಿಲ್ಲುತ್ತಿದ್ದ ಕಾಲ. ತಟ್ಟೆಗಳಷ್ಟೇ ಸಮುದ್ರ ದಾಟಿ ಹೋಗಿದ್ದವು, ಮನುಷ್ಯ ಸ್ಟಾಕ್‌ಹೋಮಿನಲ್ಲೇ ಇದ್ದ. 1956ರಲ್ಲಿ ಅಟ್ಲಾಂಟಿಕ್ ಕಂಪನಿ ‘ಬ್ಯಾರಿಟೋನ್ ಸ್ಯಾಕ್ಸ್’ ಎಂಬ ಹೆಸರಿನಲ್ಲೇ ಅವನ ತಟ್ಟೆ ಹೊರತಂದಿತು.

ಈಗ ಪಿಯಾನೊ ಪಾಠದ ಮಾತಿಗೆ ಬರೋಣ, ಅದು ಕೆಲಸಕ್ಕೆ ಬಂದದ್ದು ಅವನು ರಚನೆಗಳನ್ನು ಬರೆದಾಗ. ವಾದಕನಾಗಿ ಗುಲ್ಲೀನ್ ದೊಡ್ಡವನು, ನಿಜ. ಆದರೆ ಅವನೊಬ್ಬ ವಾಗ್ಗೇಯಕಾರ ಎಂಬ ಕಡೆಯಿಂದ ನೋಡಿದರೆ ಮಾತ್ರ ಅವನ ನಿಜವಾದ ಎತ್ತರ ಕಾಣುವುದು. ಇವತ್ತು ನಾನು ಹೇಳಬೇಕೆಂದು ಬಂದದ್ದು ಮುಖ್ಯವಾಗಿ ಇಷ್ಟೇ. ಜಾಝ್ ವಾದಕರಲ್ಲಿ ಅನೇಕರು ಬರೆಯುವ ರಚನೆಗಳು ಮನೋಧರ್ಮಕ್ಕೆ, ಅಂದರೆ ಆಗಿಂದಾಗ ಕಲ್ಪಿಸಿ ನುಡಿಸುವುದಕ್ಕೆ, ಒಂದು ನೆಪ. ಹನ್ನೆರಡು ಆವರ್ತಗಳ ಬ್ಲೂಸ್ ಎಂಬ ಸಿದ್ಧ ಚೌಕಟ್ಟಿನ ಅಥವಾ ಹಳೆಯ ಹಾಡೊಂದರ ಸ್ವರಮೇಳದ ಮೇಲೆ ಹೊಸ ಧಾಟಿ, ಆಮೇಲೆ ಸ್ವರವಿಸ್ತಾರಕ್ಕೆ ಮೈದಾನ. ಗುಲ್ಲೀನ್‌ನಲ್ಲಿ ಮನೋಧರ್ಮ ರಚನೆಯ ಒಳಗಿನಿಂದಲೇ ಚಿಗುರುತ್ತದೆ, ಎಲ್ಲಿ ಬರೆದದ್ದು ಮುಗಿಯಿತು ಎಲ್ಲಿ ಕಲ್ಪಿಸಿದ್ದು ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಹಲವು ವಾದ್ಯಗಳಿಗೆ ಬರೆಯುವಾಗ ಪ್ರತಿಯೊಂದಕ್ಕೂ ಹಾಡಬಹುದಾದ ದಾರಿ ಕೊಡುತ್ತಾನೆ. ಯಾರೂ ಬರೀ ತುಂಬಲು ಕುಳಿತವರಲ್ಲ. ಬ್ಯಾಂಡಿನ ಕೊನೆಯ ಕುರ್ಚಿಯಲ್ಲಿ ಕುಳಿತು ಅಡಿಪಾಯ ಹಾಕಿದವನಿಗೆ ಆ ಕಷ್ಟ ಗೊತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

‘ಡ್ಯಾನೀಸ್ ಡ್ರೀಮ್’ ಅನ್ನೇ ತೆಗೆದುಕೊಳ್ಳಿ. ಮಗನ ಹೆಸರಿನಲ್ಲಿ ಬರೆದದ್ದು. ಪಿಯಾನೊ ಇಲ್ಲ. ರೋಲ್ಫ್ ಬೆರ್ಗ್‌ನ ಗಿಟಾರ್, ಗೇಯೋರ್ಗ್ ರೀಡೆಲ್‌ನ ಬಾಸ್, ಹಿಂದೆ ಡ್ರಮ್ಸ್. ಪಿಯಾನೊ ಇಲ್ಲದ ಕಡೆ ಗಾಳಿಯಾಡುತ್ತದೆ, ಬ್ಯಾರಿಟೋನಿನ ದನಿಯ ಅಂಚು ಕೂಡ ಕೇಳಿಸುತ್ತದೆ. ಗುಲ್ಲೀನ್ ಇಲ್ಲಿ ವಾದ್ಯದ ಮೇಲಿನ ಸ್ಥಾಯಿಯಲ್ಲೇ ಹೆಚ್ಚು ಹೊತ್ತು ಇರುತ್ತಾನೆ. ನೀವು ಕ್ಲಾರಿಯೋನೆಟ್ ಎಂದೂ ಚೆಲ್ಲೋ ಎಂದೂ ಮೋಸಹೋದದ್ದು ಅದಕ್ಕೇ. ಕಂಪನ ತೀರಾ ಕಡಿಮೆ, ಸ್ವರವನ್ನು ಅಲುಗಿಸದೆ ಇಡುತ್ತಾನೆ. ಆಮೇಲೆ ಯಾವಾಗಲೋ ಒಮ್ಮೆ ಕೆಳಕ್ಕೆ ಇಳಿಯುತ್ತಾನೆ. ಆಗ ಮಾತ್ರ, ಅರೆ, ಇದು ಆ ಭಾರೀ ಕೊಳವೆಯ ವಾದ್ಯವಲ್ಲವೇ ಎಂದು ನೆನಪಾಗುತ್ತದೆ.

‘ಮರ್ಲಿನ್’, ‘ಫೇದ್ಯಾ’, ‘ಸಿಲೂಯೆಟ್’, ‘ಮಾ’ ಹೀಗೆ ಅವನ ರಚನೆಗಳ ಪಟ್ಟಿ ಉದ್ದವಿದೆ, ಓದಿ ಬೇಸರ ತರಿಸುವುದಿಲ್ಲ. ಒಂದನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ‘ಪ್ರಿಮುಲಾ ವೆರಿಸ್’ ಎಂಬುದು ಯುರೋಪಿನ ಹುಲ್ಲುಗಾವಲುಗಳಲ್ಲಿ ವಸಂತದಲ್ಲಿ ಅರಳುವ ಹಳದಿ ಹೂವೊಂದರ ಸಸ್ಯಶಾಸ್ತ್ರೀಯ ಹೆಸರು. ಅದರ ಸ್ವೀಡಿಷ್ ಹೆಸರು ‘ಗುಲ್‌ವೀವಾ’. ಗುಲ್ ಎಂದರೆ ಚಿನ್ನ. ಗುಲ್ಲೀನ್ ಎಂಬ ಹೆಸರಿನ ಮೊದಲರ್ಧವೂ ಅದೇ ಸದ್ದು. ದಾಸರ ಪದಗಳನ್ನು ಕೇಳಿ ಬೆಳೆದ ನಮ್ಮಂಥವರಿಗೆ ಅದು ಅಂಕಿತದಂತೆ ಕೇಳಿಸಿದರೆ ತಪ್ಪೇನೂ ಇಲ್ಲವಷ್ಟೇ.

ಸ್ವೀಡನ್ನಿನಲ್ಲಿ ಅವನ ಸಂಗೀತಕ್ಕೆ ‘ಫೇಬೂದ್ ಜಾಝ್’ ಎಂಬ ಹೆಸರು ಅಂಟಿಕೊಂಡಿತು. ಫೇಬೂದ್ ಎಂದರೆ ಬೇಸಿಗೆಯಲ್ಲಿ ದನಕರುಗಳನ್ನು ಕಾಡಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋದಾಗ ಉಳಿದುಕೊಳ್ಳುವ ಗುಡಿಸಲು. ಅಲ್ಲಿ ಹೆಂಗಸರು ದನಗಳನ್ನು ದೂರದಿಂದ ಕರೆಯಲು ಎತ್ತರದ ದನಿಯಲ್ಲಿ ಹಾಡುವ ಪದ್ಧತಿಯೊಂದಿದೆ, ಅದಕ್ಕೆ ಕೂಲ್ನಿಂಗ್ ಎನ್ನುತ್ತಾರೆ. ಆ ಜನಪದದ ಛಾಯೆ ಇವನ ಧಾಟಿಗಳಲ್ಲಿ ಇದೆ ಎಂಬ ಅರ್ಥದಲ್ಲಿ ಇಟ್ಟ ಹೆಸರು. ಛಾಯೆ ಇದೆ, ಒಪ್ಪುತ್ತೇನೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. 1964ರಲ್ಲಿ ಪಿಯಾನೊ ವಾದಕ ಯಾನ್ ಯೋಹಾನ್ಸನ್ ಸ್ವೀಡಿಷ್ ಜನಪದ ಗೀತೆಗಳನ್ನೇ ಎತ್ತಿಕೊಂಡು, ಇದೇ ರೀಡೆಲ್‌ನ ಬಾಸ್ ಜೊತೆ ‘ಯಾಝ್ ಪೋ ಸ್ವೆನ್ಸ್ಕಾ’ ಎಂಬ ತಟ್ಟೆ ತಂದ. ಅದು ಅಲ್ಲಿ ಮನೆಮನೆಗೂ ತಲುಪಿತು. ಗುಲ್ಲೀನ್ ಹೆಸರಾದದ್ದು ಜನಪದ ಗೀತೆಗಳನ್ನು ನುಡಿಸಿ ಅಲ್ಲ, ತನ್ನದೇ ಧಾಟಿಗಳನ್ನು ಬರೆದು. ಭಾಷೆ ಜಾಝ್‌ನದು, ಉಚ್ಚಾರ ಗೊಟ್‌ಲಾಂಡಿನದು. ‘ಉತ್ತರದ ವಿಷಾದ’ ಎಂದು ವಿಮರ್ಶಕರು ಪದೇಪದೇ ಬರೆಯುವುದನ್ನು ಓದಿದಾಗ ನನಗೆ ಸ್ವಲ್ಪ ಕಿರಿಕಿರಿಯಾಗುತ್ತದೆ. ಹಿಮ ಬೀಳುವ ದೇಶದವರೆಲ್ಲ ದುಃಖಿಗಳೇನು? ಅವನ ವೇಗದ ರಚನೆಗಳಲ್ಲಿ ಎಷ್ಟು ಉಲ್ಲಾಸ ಇದೆಯೆಂದರೆ ನಾಲೆನ್‌ನ ನೆಲ ಕುಣಿದದ್ದು ಕಿವಿಗೆ ಕೇಳಿಸುತ್ತದೆ.

ಇನ್ನು, ಹೇಳದೆ ಬಿಡಲಾಗದ ಒಂದು ವಿಷಯ. ಅವನ ಬದುಕಿನ ಬಹುಪಾಲನ್ನು ಮಾದಕ ವಸ್ತು ತಿಂದಿತು. 1950ರ ದಶಕದಲ್ಲೇ ಅಂಟಿಕೊಂಡ ಚಟ ಕೊನೆಯವರೆಗೂ ಬಿಡಲಿಲ್ಲ. 1953ರಲ್ಲಿ ಸ್ವಂತ ತಂಡ ಕಟ್ಟಿದ, ಅವನೇ ಓಡಿಸುತ್ತಿದ್ದ ಕಾರಿನ ಅಪಘಾತದಿಂದ ಅದು ಹೆಚ್ಚು ಕಾಲ ನಿಲ್ಲಲಿಲ್ಲ. 1955ರಲ್ಲಿ ಅಮೆರಿಕದ ತುತ್ತೂರಿ ವಾದಕ ಚೆಟ್ ಬೇಕರ್ ಯುರೋಪಿಗೆ ಬಂದಾಗ ಅವನೊಡನೆ ನುಡಿಸಿದ. ಬೇಕರ್‌ನ ಪಿಯಾನೊ ವಾದಕ ರಿಚರ್ಡ್ ಟ್ವಾರ್ಡ್ಝಿಕ್ ಅದೇ ಪ್ರವಾಸದ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ಹೆರಾಯಿನ್ ಮಿತಿಮೀರಿ ಸತ್ತ. ಇಪ್ಪತ್ತನಾಲ್ಕು ವರ್ಷ. ಗುಲ್ಲೀನ್‌ನ ಸುತ್ತಲಿನ ಗಾಳಿ ಎಂಥದಿತ್ತು ಎಂಬುದಕ್ಕೆ ಇಷ್ಟು ಸಾಕು. ಅವನು ತಿಂಗಳುಗಟ್ಟಲೆ ವೇದಿಕೆಯಿಂದ ಕಾಣೆಯಾಗುತ್ತಿದ್ದ. ಕೆಲವು ಕಾಲ ಸರಕಾರ ಕಲಾವಿದರಿಗೆ ಕೊಡುವ ಸಹಾಯಧನದಲ್ಲೇ ದಿನ ದೂಡಿದ. ಜಾಝ್ ಕುರಿತು ಬರೆಯುವವರಿಗೆ ಈ ಭಾಗ ಬಲು ಪ್ರಿಯ, ಪುಟಗಟ್ಟಲೆ ಬರೆಯುತ್ತಾರೆ. ನನಗೆ ಅದರಲ್ಲಿ ರುಚಿಯಿಲ್ಲ. ಚಟ ಅವನಿಗೆ ಒಂದು ಸ್ವರವನ್ನೂ ಕೊಡಲಿಲ್ಲ, ಎಷ್ಟೋ ವರ್ಷಗಳನ್ನು ಕಿತ್ತುಕೊಂಡಿತು.

ಉಳಿದ ವರ್ಷಗಳಲ್ಲಿ ಅವನು ಮಾಡಿದ್ದನ್ನು ನೋಡಿ. 1963ರ ನವೆಂಬರಿನಲ್ಲಿ ಕೋಪನ್‌ಹೇಗನ್ನಿನ ಮೋಮಾರ್ತ್ ಕ್ಲಬ್ಬಿನಲ್ಲಿ, ಆಗ ತಾನೇ ಹೆಸರು ಮಾಡುತ್ತಿದ್ದ ಬಂಡಾಯಗಾರ, ಅಮೆರಿಕದ ಟೆನರ್ ವಾದಕ ಆರ್ಚಿ ಶೆಪ್ ಜೊತೆ ನುಡಿಸಿದ ಧ್ವನಿಮುದ್ರಣವಿದೆ. ಶೆಪ್ ಮರಳುಕಾಗದದಿಂದ ಉಜ್ಜಿದಂತೆ ನುಡಿಸುತ್ತಾನೆ, ಗುಲ್ಲೀನ್ ರೇಷ್ಮೆ ಹಾಸುತ್ತಾನೆ. ಹೊಂದುವುದಿಲ್ಲ ಎಂದುಕೊಂಡು ಕೇಳಲು ಕುಳಿತರೆ, ಹೊಂದಿಬಿಡುತ್ತದೆ.

ಮರುವರ್ಷ ಬಂದದ್ದು ‘ಪೋರ್ಟ್ರೇಟ್ ಆಫ್ ಮೈ ಪಾಲ್ಸ್’. ನನ್ನ ಗೆಳೆಯರ ಚಿತ್ರ. ಜಾಝ್ ತಂಡದ ಜೊತೆಗೆ ತಂತಿವಾದ್ಯಗಳನ್ನು ಸೇರಿಸಿ ಬರೆದ ಸಂಗೀತ. ಜಾಝ್ ತಟ್ಟೆಗಳಲ್ಲಿ ಪಿಟೀಲುಗಳು ಬಂದವೆಂದರೆ ನಾನು ಸಾಮಾನ್ಯವಾಗಿ ಎದ್ದು ಕಾಫಿ ಮಾಡಲು ಹೋಗುತ್ತೇನೆ. ಪಾಯಸಕ್ಕೆ ಮೇಲಿಂದ ಸಕ್ಕರೆ ಸುರಿದಂತೆ ಇರುತ್ತದೆ. ಇಲ್ಲಿ ಎದ್ದುಹೋಗಲು ಆಗುವುದಿಲ್ಲ. ತಂತಿಗಳು ಹಿಂದೆ ಪರದೆ ಕಟ್ಟುವುದಿಲ್ಲ, ನಡುವೆ ಬಂದು ಮಾತನಾಡುತ್ತವೆ. ತುತ್ತೂರಿಗೆ ಯಾನ್ ಅಲ್ಲಾನ್, ಆಲ್ಟೊಗೆ ರೋಲ್ಫ್ ಬಿಲ್‌ಬೆರ್ಗ್. ಬಿಲ್‌ಬೆರ್ಗ್‌ನ ದನಿಗೂ ಗುಲ್ಲೀನ್‌ನ ದನಿಗೂ ಎಷ್ಟು ಸಾಮ್ಯವೆಂದರೆ ಒಬ್ಬನೇ ಮನುಷ್ಯ ಎರಡು ಸ್ಥಾಯಿಯಲ್ಲಿ ಹಾಡುತ್ತಿದ್ದಾನೆ ಅನ್ನಿಸುತ್ತದೆ. ಎರಡೇ ವರ್ಷಕ್ಕೆ, 1966ರಲ್ಲಿ, ಬಿಲ್‌ಬೆರ್ಗ್ ತೀರಿಕೊಂಡ. ಮೂವತ್ತೈದು ವಯಸ್ಸು. ಆ ಚಿತ್ರದೊಳಗಿನ ಗೆಳೆಯರು ಹೀಗೆ ಒಬ್ಬೊಬ್ಬರಾಗಿ ಹೊರಟರು.

1970ರಲ್ಲಿ ‘ಜಾಝ್ ಅಮೂರ್ ಅಫೇರ್’, 1974ರಲ್ಲಿ ‘ಬ್ಲೂಸ್‌ಪೋರ್ಟ್’, ನಾಲಿಗೆ ತೊಡರಿಸುವ ಹೆಸರಿನ ‘ಏರೋಸ್ ಅರೋಮಾಟಿಕಾ ಅಟಾಮಿಕಾ ಸ್ವೀಟ್’ ಎಂಬ ದೊಡ್ಡ ರಚನೆ. ಇವನ್ನು ಬೇಗ ದಾಟಿ ಹೋಗುತ್ತೇನೆ. ಬರೆದದ್ದರ ಸೊಗಸು ಮಾಸಿಲ್ಲ, ನುಡಿಸುವವನ ದಣಿವು ಮಾತ್ರ ಅಲ್ಲಲ್ಲಿ ಕೇಳಿಸುತ್ತದೆ. 1976ರ ಮೇ 17ರಂದು, ನಲವತ್ತೆಂಟನೆಯ ಹುಟ್ಟುಹಬ್ಬ ಕಳೆದು ಎರಡು ವಾರವೂ ಆಗಿರಲಿಲ್ಲ, ದಕ್ಷಿಣ ಸ್ವೀಡನ್ನಿನ ವಿಸೆಫ್ಯಾರ್ಡಾ ಎಂಬಲ್ಲಿ ಹೃದಯಾಘಾತದಿಂದ ತೀರಿಕೊಂಡ.

ಅವನ ಮಗ ಪೇಟರ್ ಗುಲ್ಲೀನ್ ಕೂಡ ಬ್ಯಾರಿಟೋನನ್ನೇ ಆರಿಸಿಕೊಂಡ, ರಚನೆಗಳನ್ನೂ ಬರೆದ, 2003ರಲ್ಲಿ ಅವನೂ ಹೋದ. ಲಾರ್ಸ್ ಗುಲ್ಲೀನ್ ಹೆಸರಿನಲ್ಲಿ ಸ್ವೀಡನ್ನಿನಲ್ಲಿ ಒಂದು ಪ್ರಶಸ್ತಿ ಇದೆ. ಡ್ರ್ಯಾಗನ್ ಎಂಬ ಕಂಪನಿ ಹಳೆಯ ಧ್ವನಿಮುದ್ರಣಗಳನ್ನು ಕಲೆಹಾಕಿ ಸರಣಿಯಾಗಿ ಹೊರತಂದಿದೆ, ನಾನು ಇಂದು ಕೇಳಿಸಿದವುಗಳಲ್ಲಿ ಕೆಲವು ಅದರವು.

ಇಲ್ಲಿಗೆ ಮಾತು ನಿಲ್ಲಿಸಿ, ಪ್ರಶ್ನೆಗಳಿದ್ದರೆ ಕೇಳಿ ಎಂದೆ. ಮೊದಲು ಕೈ ಎತ್ತಿದವರು, ಆರಂಭದಲ್ಲಿ ಕ್ಲಾರಿಯೋನೆಟ್ ಎಂದಿದ್ದ ಹಿರಿಯರು. ಮದುವೆ, ಜಾತ್ರೆಗಳ ಬ್ಯಾಂಡ್‌ಸೆಟ್ಟಿನಲ್ಲಿ ಮೂವತ್ತು ವರ್ಷ ಕ್ಲಾರಿಯೋನೆಟ್ ನುಡಿಸಿದವರಂತೆ. ‘ಸರ್, ಅಷ್ಟು ಮೆಲ್ಲಗೆ ಊದಿದರೆ ಅಷ್ಟು ದಪ್ಪ ಕೊಳವೆಯಲ್ಲಿ ಸ್ವರ ನಿಲ್ಲುತ್ತದೆಯೇ? ನಮ್ಮದರಲ್ಲೇ ಒಡೆದುಹೋಗುತ್ತದೆ’ ಎಂದು ಕೇಳಿದರು.

ಅದಕ್ಕೆ ನನ್ನಲ್ಲಿದ್ದ ಉತ್ತರ ಪುಸ್ತಕದ್ದು: ಮೆಲ್ಲಗೆ ನುಡಿಸಲು ಗಾಳಿಯ ಒತ್ತಡವನ್ನು ಹೊಟ್ಟೆಯಿಂದ ಬಿಗಿಹಿಡಿಯಬೇಕು, ತುಟಿಯನ್ನು ಸಡಿಲ ಬಿಡಬೇಕು, ಜೋರಾಗಿ ಊದುವುದಕ್ಕಿಂತ ಅದು ಕಷ್ಟ ಎಂದೆ. ಅವರು ತಲೆಯಾಡಿಸಿದರು, ಆದರೆ ಸಮಾಧಾನವಾದಂತೆ ಕಾಣಲಿಲ್ಲ. ‘ಇನ್ನೊಂದು ಸಲ ಹಾಕಿ’ ಎಂದರು.

‘ಡ್ಯಾನೀಸ್ ಡ್ರೀಮ್’ ಮತ್ತೆ ಹಾಕಿದೆ. ಅವರು ಕಣ್ಣು ಮುಚ್ಚಿ ಕುಳಿತಿದ್ದರು. ಅರ್ಧ ದಾರಿಯಲ್ಲಿ ನೋಡಿದರೆ, ಮಡಿಲಲ್ಲಿದ್ದ ಮಡಿಸಿದ ಛತ್ರಿಯ ಮೇಲೆ ಅವರ ಬೆರಳುಗಳು ಇಲ್ಲದ ಕೀಲಿಗಳನ್ನು ಒತ್ತುತ್ತಿದ್ದವು. ಗುಲ್ಲೀನ್ ಉಸಿರೆಳೆದುಕೊಂಡ ಜಾಗ ಅವರಿಗೆ ಸಿಕ್ಕಿತು ಎಂದು ಕಾಣುತ್ತದೆ, ಅಲ್ಲಿ ಅವರ ಹೆಗಲೂ ಒಂದು ಚೂರು ಮೇಲೆದ್ದಿತು.